ಬೆಂಕಿಜುಟ್ಟಿನ ಲಾಲಿ

ಲುಬುಕ್ ಸಿಕಾರಾ
12 ಮೇ 1996

ಆಜೋಗೆ ಎಲ್ಫಿಯ ಸಲಾಮು.

ಆಜೋ ಎಂದು ಬರೆಯುವಾಗ ಈಗಲೂ ನಗು ಬರುತ್ತದೆ. ನಿಮ್ಮ ಕರಾವಳಿಯಲ್ಲಿ ಗಂಡನನ್ನು ಹಾಗೆ ಕರೆಯುತ್ತಾರೆ, ಸರಿ. ನಮ್ಮ ಬೆಟ್ಟದವರ ಕಿವಿಗೆ ಅದು ಸಂತೆಯಲ್ಲಿ ಕಡ್ಡಿಮಾಂಸ ಸುಡುವವನನ್ನು ಕರೆದಂತೆ ಕೇಳಿಸುತ್ತದೆ.

ಕ್ಯಾಸೆಟ್ಟು ತಲುಪಿತು. ಇನ್ಯಾಕ್ ಕಾತಿಕ್ ಅದನ್ನು ಬಾಳೆಲೆಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಸುತ್ತಿ, ಟೋಪಿಯೊಳಗಿಟ್ಟುಕೊಂಡು ಎರಡು ದಿನ ನಡೆದು ತಂದಿದ್ದಾರೆ. ಮೆಟ್ಟಿಲ ಮೇಲೆ ಕೂತು ಟೋಪಿ ತೆಗೆದರೆ ಬೋಳುತಲೆಯ ಮೇಲೆ ಚೌಕಾಕಾರದ ಗುರುತು. "ನಿನ್ ಗಂಡನ ದನಿ ತಲೆ ಮೇಲೆ ಹೊತ್ಕೊಂಡ್ ಬಂದೆ ಮಗಳೇ. ಭಾರ ಏನಿಲ್ಲ, ಆದ್ರೆ ಒತ್ತುತ್ತೆ" ಅಂದರು. ಎಪ್ಪತ್ತು ದಾಟಿದ ಮನುಷ್ಯ ನಿಮ್ಮ ಅಕ್ಕಿ, ಸೀಮೆಎಣ್ಣೆ, ಫಿಲ್ಮ್ ರೋಲು ಎಲ್ಲ ಹೊತ್ತು ಆ ಏರು ಹತ್ತುವುದನ್ನು ನೆನೆದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಅಮಾಕ್ ಹೇಳುತ್ತಾಳೆ, ನನಗೆ ಈಗ ಎಲ್ಲದಕ್ಕೂ ಎದೆ ಹೊಡೆದುಕೊಳ್ಳುತ್ತದೆಯಂತೆ. ಹೆತ್ತವರಿಗೆ ಹಾಗೆಯೇ, ನನ್ನನ್ನು ಹೆತ್ತಾಗ ಅವಳಿಗೂ ಹಾಗೇ ಆಗಿತ್ತಂತೆ, ಹಲ್ಲು ಬರುವ ಹೊತ್ತಿಗೆ ಸರಿಹೋಗುತ್ತದೆ ಎನ್ನುತ್ತಾಳೆ. ಯಾರ ಹಲ್ಲು ಎಂದು ಕೇಳಲಿಲ್ಲ.

ರಹ್ಮಿಗೆ ನಾಳೆ ಮೂರು ತಿಂಗಳು. ನಿದ್ದೆಯಿಲ್ಲ. ಅವಳಿಗಿಲ್ಲ, ಆದ್ದರಿಂದ ನನಗಿಲ್ಲ. ಅಪರೂಪಕ್ಕೆ ಮಲಗಿದರೆ ನನಗೆ ಇನ್ನೂ ಭಯ. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಕೆಳಗೆ ಬೆರಳಿಡುತ್ತೇನೆ, ಬೆರಳು ತಾಗಿ ಏಳುತ್ತಾಳೆ. ಕಾಲೇಜಿನಲ್ಲಿ ನಾಲ್ಕು ವರ್ಷ ಕಲಿತ ರಸಾಯನಶಾಸ್ತ್ರದಲ್ಲಿ ಇದಕ್ಕೇನೂ ಇಲ್ಲ.

ಆದರೆ ಕೇಳಿ. ಕ್ಯಾಸೆಟ್ಟು ಹಾಕಿದೆ. ಮೊದಲು ನಿಮ್ಮ ದನಿ: ತಾರೀಖು, ಹೊತ್ತು, ಅದೂ ಇದೂ, ಕಚೇರಿಯ ಗುಮಾಸ್ತರಂತೆ ವರದಿ ಒಪ್ಪಿಸುತ್ತೀರಲ್ಲ, ಅದು. ಅಳು ತಟ್ಟನೆ ನಿಂತಿತು. ಆಮೇಲೆ ಹಕ್ಕಿ. ಝ್ರ್ ಎಂದು ಒಂದು, ತಡೆದು ಇನ್ನೊಂದು, ಆಮೇಲೆ ಅವಸರವಾಗಿ, ಕೊನೆಗೆ ಜೀರುಂಡೆಯಂತೆ ಒಂದೇ ಗೆರೆ. ಅದು ಮುಗಿಯುವುದರೊಳಗೆ ಮಗಳು ನಿದ್ದೆ! ಅಮಾಕ್ ಸೌಟು ಹಿಡಿದು ಬಾಗಿಲಲ್ಲೇ ನಿಂತಳು. ನಮ್ಮ ಸೂರಿಗೆ ಮಾಮಕ್ ಜಲಿಲ್ ನೇತುಹಾಕಿದ ಶಾಮ ಹಕ್ಕಿ ಕೂಡ ಕತ್ತು ವಾರೆ ಮಾಡಿ ಕೇಳಿತು. ಮಾಮಕ್‌ನ ಹೆಂಡತಿ ಮನೆಯಲ್ಲಿ ಬೆಕ್ಕಿದೆಯಂತೆ, ಅದಕ್ಕೇ ಅಕ್ಕನ ಮನೆಯ ಸೂರಿಗೆ ಪಂಜರ. ಸೋದರಮಾವ ತಂದದ್ದನ್ನು ಬೇಡ ಎನ್ನಲು ನಾನು ಯಾರು?

ಜೊತೆಗಿದ್ದ ಚೀಟಿಯನ್ನೂ ಓದಿದೆ. ಗೂಡಿನ ಜಾಗದ ಬಗ್ಗೆ ಯಾರ ಹತ್ತಿರವೂ ಬಾಯಿ ಬಿಡಬೇಡ, ಮಾಮಕ್ ಹತ್ತಿರವಂತೂ ಬೇಡವೇ ಬೇಡ. ಯಾರಿಗೆ ಹೇಳಲಿ ಆಜೋ? ಮನೆಬಿಟ್ಟು ಹೊರಗೇ ಹೋಗುವುದಿಲ್ಲ. ಚೀಟಿಯನ್ನು ಒಲೆಗೆ ಹಾಕಿದೆ.

ನಿಮ್ಮ
ಎಲ್ಫಿ


ಬಿಡಾರ
25 ಮೇ

ಎಲ್ಫಿ,

ನಿನ್ನ ಪತ್ರ, ಒಣಮೀನು, ಎರಡೂ ಬಂದವು. ರಹ್ಮಿ ಮಲಗಿದಳೆಂದು ಓದಿ ನಾನೂ ಆ ದಿನ ಚೆನ್ನಾಗಿ ಮಲಗಿದೆ.

ಬೆಳಕು ಹರಿಯುವ ಮುಂಚೆ ಮರೆಯೊಳಗೆ ಸೇರಿಕೊಳ್ಳುತ್ತೇನೆ. ಮರೆಯೆಂದರೆ ನಾಲ್ಕು ಕೋಲು, ತಾಳೆಗರಿ, ಲೆನ್ಸು ತೂರುವಷ್ಟು ಒಂದು ಕಂಡಿ. ಕೆಮ್ಮುವಂತಿಲ್ಲ, ಕಾಲು ಚಾಚುವಂತಿಲ್ಲ. ಇಂಬಳ ಹತ್ತಿದರೆ ಹೊಟ್ಟೆ ತುಂಬಿ ಅದಾಗಿ ಉದುರುವ ತನಕ ಸುಮ್ಮನಿರಬೇಕು. ಹನ್ನೆರಡು ದಿನದಲ್ಲಿ ತೆಗೆದದ್ದು ಎಂಟು ಚಿತ್ರ. ಕುಟ್ರುಹಕ್ಕಿಗಳ ಜಾತಿಯೇ ಹಾಗೆ, ಕಿವಿಗೆ ಕಾಡಿನ ತುಂಬ, ಕಣ್ಣಿಗೆ ಎಲ್ಲೂ ಇಲ್ಲ. ನಮ್ಮದಂತೂ ಹಸಿರು ಮೈ, ಎಲೆಯ ನಡುವೆ ಕೂತರೆ ಎಲೆಯೇ. ಪೊಟರೆಯ ಬಾಯಿಗೆ ಬಂದಾಗ ಮಾತ್ರ ಕಾಣುತ್ತದೆ: ಎದೆಗೆ ಹಳದಿ ಪಟ್ಟಿ, ಅದರ ಕೆಳಗೆ ಕಪ್ಪು ಗೆರೆ, ಕೊಕ್ಕಿಗೆ ಯಾರೋ ಮಸಿಯಲ್ಲಿ ಅಡ್ಡ ಎಳೆದಂತೆ ಇನ್ನೊಂದು. ಕೊಕ್ಕಿನ ಬುಡದ ಕೆಂಪು ಕೂದಲ ಗೊಂಚಲಿಗೆ ಬಿಸಿಲು ಬಿದ್ದರೆ ಬೀಡಿ ಹಚ್ಚಿಕೊಂಡಂತೆ ಕಾಣುತ್ತದೆ, ಬೆಂಕಿಜುಟ್ಟು ಎಂಬ ಹೆಸರು ಅದಕ್ಕೇ. ಪೊಟರೆಯ ಮುಂದೆ ಒಂದು ಕೊಂಬೆ ಅಡ್ಡ ಇದೆ. ಬೇರೆ ಫೋಟೊದವರು ಅದನ್ನು ಕಡಿದು ಬೆಳಕು ಬಿಡಿಸಿಕೊಳ್ಳುತ್ತಾರೆ. ಬೆಳಕು ಬಿದ್ದರೆ ಹದ್ದಿಗೂ ಅಷ್ಟೇ ಚೆನ್ನಾಗಿ ಕಾಣುತ್ತದೆ ಎಂದು ಅವರಿಗೆ ಹೊಳೆಯುವುದಿಲ್ಲ. ನಾನು ಕಡಿದಿಲ್ಲ. ಪಾದಾಂಗಿನ ಪ್ರೊಫೆಸರರ ಪುಸ್ತಕದಲ್ಲಿ ಹಕ್ಕಿಯ ಮೂತಿಗೆ ಎಲೆಯ ನೆರಳು ಬಿದ್ದರೆ ಬೀಳಲಿ.

ಮಾಮಕ್ ಬಗ್ಗೆ ಹೇಳಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಅವರೊಬ್ಬರ ಮಾತಲ್ಲ. ಪಂದ್ಯಕ್ಕೆ ಶಾಮ ಹಾಡಿಸುವವರಿಗೆ ಈಗ ಹೊಸ ಹೊಸ ಕೂಗು ಬೇಕು. ಹೊಸ ಕೂಗು ಕಲಿಸಲು ಪಂಜರದ ಪಕ್ಕ ಮೇಷ್ಟ್ರು ಹಕ್ಕಿ ತೂಗಬೇಕು. ಜೀರುಂಡೆಯ ಹಾಗೆ ಕೂಗುವ ಮೇಷ್ಟ್ರೆಂದರೆ ಕಣ್ಣು ಕಿತ್ತು ಕೊಡುತ್ತಾರೆ. ಕಳೆದ ವರ್ಷ ಪಕ್ಕದ ಕಣಿವೆಯನ್ನು ಹಾಗೇ ಬಳಿದುಕೊಂಡು ಹೋದರು. ಅಲ್ಲಿ ಬೆಳಿಗ್ಗೆ ನಡೆದರೆ ಈಗ ನಿನ್ನ ಹೆಜ್ಜೆಯ ಸದ್ದು ನಿನಗೇ ಕೇಳಿಸುತ್ತದೆ.

ಇನ್ಯಾಕ್ ಮೂವತ್ತು ವರ್ಷ ಆ ಕೆಲಸ ಮಾಡಿದವರು, ಗೊತ್ತಲ್ಲ. ಬೆರಳ ಸಂದಿಯಲ್ಲಿ, ಹಕ್ಕಿ ಅಂಟಿಕೊಳ್ಳಲೆಂದು ಕೊಂಬೆಗೆ ಬಳಿಯುವ ಹಲಸಿನ ಮೇಣದ ಕಪ್ಪು ಇನ್ನೂ ಹೋಗಿಲ್ಲ. ಆದರೆ ಗೂಡು ತೋರಿಸಿದ್ದೂ ಅವರೇ. ಮೊನ್ನೆ ದಾರಿಯಲ್ಲಿ ಹುಲಿಯ ಹೆಜ್ಜೆ ಕಂಡಿತು. ಕಾಡಿನಲ್ಲಿ ಹುಲಿಯ ಹೆಸರೆತ್ತುವಂತಿಲ್ಲ, ಅದನ್ನೂ ಇನ್ಯಾಕ್ ಅಂತಲೇ ಕರೆಯಬೇಕು, ತಾತ ಅಂತ. ನಾನು ಹೆದರಿದ್ದು ನೋಡಿ ಅವರು, "ಅವನೂ ತಾತ, ನಾನೂ ತಾತ. ಒಂದೇ ಹೆಸ್ರಿನೋರು ಒಬ್ರನ್ನೊಬ್ರು ತಿನ್ನಲ್ಲ. ನೀನು ಮಾತ್ರ ನನ್ ಹಿಂದೇನೇ ನಡಿ" ಅಂದರು.

ಗೂಡಿನ ಜಾಗ ಬಲ್ಲವರು ಈ ಭೂಮಿಯ ಮೇಲೆ ಇಬ್ಬರೇ. ನಾನು, ಅವರು.

ನಿನ್ನ
ನಿರ್


ಲುಬುಕ್ ಸಿಕಾರಾ
26 ಜೂನ್

ಆಜೋ,

ಒಂದು ತಿಂಗಳು ಬರೆಯಲಾಗಲಿಲ್ಲ. ರಹ್ಮಿಗೆ ಜ್ವರ ಬಂದು ಬಿಟ್ಟಿತು, ಹೆದರುವಂಥದ್ದಲ್ಲ. ನಾನು ಹೆದರಿದೆ, ಅದು ಬೇರೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ, ಒಂದು ಕೈಯಲ್ಲಿ ತೊಟ್ಟಿಲಿನ ಹಗ್ಗ ಇದೆ.

ನಡುವೆ ಬ್ಯಾಟರಿ ತೀರಿತು. ಅಂಗಡಿಯಲ್ಲೂ ಇರಲಿಲ್ಲ. ಮಗು ಅತ್ತು ಅತ್ತು ನೀಲಿಯಾದಾಗ ಬೇರೇನೂ ತೋಚದೆ ಕ್ಯಾಸೆಟ್ಟಿನ ನಿಮ್ಮ ಮಾತನ್ನೇ ಪದ ಮಾಡಿ ಹಾಡಿದೆ. ಕೊನೆಗೆ ತುಟಿ ನಡುಗಿಸಿ ಹಕ್ಕಿಯ ಝ್ರ್ ಕೂಡ. ಮಲಗಿದಳು! ಈಗ ಬ್ಯಾಟರಿ ಬಂದಿದೆ, ಆದರೂ ಹಾಡೇ ಬೇಕು ಅವಳಿಗೆ. ಅಮಾಕ್ ಭತ್ತ ಕೇರುತ್ತಾ ಅದನ್ನೇ ಗುನುಗುತ್ತಾಳೆ. ಬೀದಿಯ ಮಕ್ಕಳು ಕುಂಟೆಬಿಲ್ಲೆ ಆಡುತ್ತಾ ಅದನ್ನೇ ಹೇಳುತ್ತವೆ.

ಇನ್ನೊಂದು ಸುದ್ದಿ, ನಗಬೇಡಿ. ಮಾಮಕ್‌ನ ಶಾಮ ಬೆಂಕಿಜುಟ್ಟಿನ ಕೂಗು ಕಲಿತುಬಿಟ್ಟಿದೆ. ಹೋದ ವಾರ ಸ್ನಾನದ ಮನೆಯಲ್ಲಿದ್ದೆ, ಕ್ಯಾಸೆಟ್ಟು ಯಾರು ಹಾಕಿದರು ಎಂದು ಓಡಿ ಬಂದರೆ ಪಂಜರದೊಳಗಿಂದ! ಮಾಮಕ್ ಕುಣಿದಾಡಿದರು. "ನೋಡೇ ಎಲ್ಫಿ, ನಿನ್ ಗಂಡ ಮೂರು ತಿಂಗಳಿಂದ ಮರದ್ ಮೇಲೆ ಕೂತು ಹಕ್ಕಿ ನೆರಳು ಹಿಡೀತಿದಾನೆ. ನನ್ ಹಕ್ಕಿ ಕೂತಲ್ಲೇ ಕೂತು ಅದರ ಗಂಟ್ಲೇ ಹಿಡ್ಕೊಂಡ್ಬಿಡ್ತು!"

"ಬಾಯ್ಮುಚ್ಕೋ ಜಲಿಲ್, ಕೂಸು ಈಗ ಕಣ್ಮುಚ್ಚಿದೆ" ಅಂದಳು ಅಮಾಕ್.

ಭಾನುವಾರ ಸೊಲೊಕ್‌ನ ಪಂದ್ಯಕ್ಕೆ ಒಯ್ದರು. ಮೊದಲನೇ ಬಹುಮಾನ. ಅವತ್ತಿನಿಂದ ನಮ್ಮ ಮೆಟ್ಟಿಲ ಮೇಲೆ ನೆಂಟರ ಸಾಲು. ನಿನ್ನೆ ಸೊಲೊಕ್‌ನಿಂದ ಇಬ್ಬರು ಬಂದಿದ್ದರು. ತುಂಬಾ ಮರ್ಯಾದಸ್ಥರು, ಚಪ್ಪಲಿ ಬಿಟ್ಟು, ಒಳಗೆ ಬರದೆ ಮೆಟ್ಟಿಲಲ್ಲೇ ಕೂತರು. ಅಮಾಕ್ ಕರಟದಲ್ಲಿ ಕಾಫಿ ಎಲೆಯ ಕಷಾಯ ಕೊಟ್ಟಳು. ಒಳಗೆ ನಾನು ಹಾಡುತ್ತಿದ್ದುದನ್ನು ಕೇಳಿ ಒಬ್ಬರು, "ಏನ್ ಚೆನ್ನಾಗ್ ಹಾಡ್ತೀಯಮ್ಮ ತಂಗಿ. ನಮ್ಮನೇಲೂ ಒಂದು ಅಳುಮುಂಜಿ ಇದೆ. ಇನ್ನೊಂದ್ಸಲ ಹೇಳು, ಬರ್ಕೊಂಡ್ ಹೋಗಿ ಹೆಂಡ್ತಿಗೆ ಕೊಡ್ತೀನಿ" ಅಂದರು. ಸಿಗರೇಟು ಪೊಟ್ಟಣದ ಹಿಂದೆ ಬರೆದುಕೊಂಡರು. ಎರಡು ಸಲ ಹಾಡಿದೆ. ನಾಚಿಕೆಯಾಯಿತು, ಆದರೆ ಹೇಳುತ್ತೇನೆ, ಯಾರಾದರೂ ನನ್ನನ್ನು ಹೊಗಳಿ ಎಷ್ಟು ದಿನವಾಗಿತ್ತು! ತಿಂಗಳುಗಳಿಂದ ನಾನು ಬರಿ ಎದೆಹಾಲು.

ಮರಿಗಳು ಹಾರಿದ ಮೇಲಾದರೂ ಬರುತ್ತೀರಾ?

ನಿಮ್ಮ
ಎಲ್ಫಿ


ಬಿಡಾರ
8 ಜುಲೈ

ಎಲ್ಫಿ,

ಗೂಡು ಹೋಯಿತು.

ಜ್ವರ ಬಂದು ಎರಡು ದಿನ ಬಿಡಾರದಲ್ಲೇ ಬಿದ್ದಿದ್ದೆ. ಶನಿವಾರ ಬೆಳಿಗ್ಗೆ ಮೇಲಿನಿಂದ ಮರ ಬಿದ್ದ ಸದ್ದು ಬಂತು. ಹತ್ತಿ ಹೋಗುವ ಹೊತ್ತಿಗೆ ಯಾರೂ ಇರಲಿಲ್ಲ. ಪೊಟರೆಯನ್ನು ಕೊಡಲಿಯಿಂದ ಸೀಳಿದ್ದಾರೆ. ಎರಡು ಮರಿಗಳಲ್ಲಿ ಒಂದನ್ನು ಒಯ್ದಿದ್ದಾರೆ. ಇನ್ನೊಂದು ಕಾಂಡದ ಅಡಿ ಸಿಕ್ಕಿಕೊಂಡಿತ್ತು, ಮೈ ಇನ್ನೂ ಬೆಚ್ಚಗಿತ್ತು. ಹಣ್ಣು ತಿನ್ನಲು ಬರುತ್ತಿದ್ದ ಅತ್ತಿಮರದ ಕೊಂಬೆಗಳಿಗೆ ಮೊದಲೇ ಹಲಸಿನ ಮೇಣ ಬಳಿದಿದ್ದರು. ಅಲ್ಲಿ ಒಂದು ಹಿಡಿ ಹಸಿರು ಪುಕ್ಕ ಅಂಟಿಕೊಂಡಿದೆ. ಗಂಡೋ ಹೆಣ್ಣೋ ಗೊತ್ತಿಲ್ಲ. ಜೋಡಿಯಂತೂ ಇಲ್ಲ.

ಹುಡುಕಾಡಿದ ಗುರುತೇ ಇಲ್ಲ ಎಲ್ಫಿ. ನೂರು ಸತ್ತ ಮರಗಳಿರುವ ಬೆಟ್ಟದ ಏಣು ಇದು. ಅವರು ಆನೆಬಂಡೆಯಿಂದ ನೇರ ಎರಡನೇ ಅಬ್ಬಿಗೆ, ಅಬ್ಬಿಯಿಂದ ನೇರ ಎಡಕ್ಕೆ ಸಿಡಿಲು ಹೊಡೆದ ಮರಕ್ಕೆ ಬಂದಿದ್ದಾರೆ. ಯಾರೋ ಬಾಯಿಪಾಠ ಮಾಡಿಸಿ ಕಳಿಸಿದಂತೆ.

ಬಲ್ಲವರು ಇಬ್ಬರೇ ಎಂದು ಬರೆದಿದ್ದೆ. ಕಾತಿಕ್ ಮೂವತ್ತು ವರ್ಷದ ಚಾಳಿ ಬಿಟ್ಟಿಲ್ಲ. ಅವನು ಹೋದ ವಾರ ಊರಿಗೆ ಹೋಗಿಬಂದದ್ದು ಇದಕ್ಕೇ. ಮುಖಕ್ಕೆ ಹೇಳಿದೆ, ಇದೇ ನಿನ್ನ ಕೊನೆಯ ಹೊರೆ, ಇನ್ನು ಈ ಕಡೆ ಕಾಲಿಡಬೇಡ ಎಂದು. ಅವನು ಏನೂ ಅನ್ನಲಿಲ್ಲ. ಕಳ್ಳನಲ್ಲದವನು ಏನಾದರೂ ಅನ್ನುತ್ತಾನೆ. ಬೇರೆ ಕೈ ಇಲ್ಲದೆ ಈ ಪತ್ರವನ್ನೂ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನಿಗೆ ಓದಲು ಬರುವುದಿಲ್ಲ. ಮನೆಯೊಳಗೆ ಕರೆಯಬೇಡ. ಊರಿನವರಿಗೂ ತಿಳಿಸು, ಎಂಥವನೆಂದು ಗೊತ್ತಿರಲಿ.

ನಿರ್


ಲುಬುಕ್ ಸಿಕಾರಾ
11 ಜುಲೈ

ಆಜೋ,

ಇದನ್ನು ಬೆತ್ತ ಕಡಿಯುವವರ ಕೈಯಲ್ಲಿ ಕಳಿಸುತ್ತೇನೆ. ಅವರು ಯಾವಾಗ ಹೊರಡುತ್ತಾರೋ.

ಇನ್ಯಾಕ್ ನಿನ್ನೆ ಮಧ್ಯಾಹ್ನ ಬಂದರು. ಪತ್ರ ಕೊಟ್ಟು ಹೋಗದೆ ಮೆಟ್ಟಿಲ ಮೇಲೆ ಕೂತರು. ನಾನು ಅಲ್ಲೇ ನಿಂತು ಒಡೆದು ಓದಿದೆ.

"ಏನ್ ಬರ್ದಿದಾನೆ ಮಗಳೇ? ಎರಡು ದಿನ ಕೆಂಡ ಜೇಬಲ್ಲಿಟ್ಕೊಂಡ್ ಬಂದಂಗಾಯ್ತು. ನನ್ ಹೆಸ್ರಿದೆಯಾ ಅದ್ರಲ್ಲಿ?"

"ಇದೆ ಇನ್ಯಾಕ್."

"ಓದು ಹಾಗಾದ್ರೆ. ನಿನ್ ಬಾಯಲ್ಲೇ ಕೇಳ್ತೀನಿ."

ನೀವು ಅವರನ್ನು 'ಅವನು' ಎಂದು ಬರೆದಿದ್ದೀರಿ. ಎಲ್ಲಾ ಕಡೆ. ನನಗೆ ಓದಲಾಗಲಿಲ್ಲ. ಹಾಳೆ ಮುಖದ ಮುಂದೆ ಹಿಡಿದುಕೊಂಡು ಬೇರೆಯೇ ಓದಿದೆ: "ಗೂಡು ಹೋಯಿತು. ಇನ್ಯಾಕ್ ಅವರದು ತಪ್ಪಿಲ್ಲ. ಜ್ವರದ ತಲೆಯಲ್ಲಿ ಏನೇನೋ ಅಂದುಬಿಟ್ಟೆ. ಅವರು ಜೊತೆಗಿಲ್ಲದಿದ್ದರೆ ಈ ಕಾಡಿನಲ್ಲಿ ನನಗೆ ಕಣ್ಣಿಲ್ಲ. ಬೇಗ ಬರಲು ಹೇಳು."

"ಕಣ್ಣಿಲ್ಲ ಅಂತ ಬರ್ದಿದಾನಾ?"

"ಹೂಂ."

"ಇನ್ನೊಂದ್ಸಲ ಓದು ಅದನ್ನ."

ಓದಿದೆ. ಮೊದಲ ಸಲ ಹೇಗೆ ಓದಿದ್ದೆನೋ ಹಾಗೇ ಓದಬೇಕಲ್ಲ, ಒಂದು ಪದ ಆಚೀಚೆಯಾದರೂ ಸಿಕ್ಕಿಬೀಳುತ್ತೇನೆ ಎಂದು ಬೆವರಿದೆ. ಆಮೇಲೆ ಅಮಾಕ್ ಅನ್ನ ಬಡಿಸಿದಳು. ಎರಡು ಸಲ ಹಾಕಿಸಿಕೊಂಡು ಉಂಡರು.

ದುಡುಕಬೇಡಿ ಆಜೋ. ಬೇರೆ ಯಾರಾದರೂ ಇರಬಹುದು. ಊರಿನವರಿಗೆ ನಾನೇನೂ ಹೇಳಿಲ್ಲ, ಹೇಳುವುದೂ ಇಲ್ಲ. ಕ್ಯಾಸೆಟ್ಟು ಈಗ ಹಾಕುತ್ತಿಲ್ಲ. ಬ್ಯಾಟರಿ ಮುಗಿದಿದೆ.

ಎಲ್ಫಿ


ಬಿಡಾರ
15 ಜುಲೈ

ಎಲ್ಫಿ,

ನೀನು ಅವನಿಗೆ ಏನು ಹೇಳಿದೆ?

ನಿನ್ನೆ ಬೆಳಿಗ್ಗೆ ಬಂದ. ಹೊರೆಯಿಲ್ಲ, ಒಂದು ಸುತ್ತು ಬೆತ್ತದ ಹಗ್ಗ ಮಾತ್ರ. ಏನೂ ಆಗಿಲ್ಲವೆಂಬಂತೆ ನನ್ನ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಕರೆದೆಯಂತೆ, ಬಂದೆ."

"ಯಾರು ಕರೆದ್ರು ನಿನ್ನ? ಎದ್ದೋಗು ಇಲ್ಲಿಂದ."

ಕಡ್ಡಿಯಿಂದ ಕೆಂಡ ಕೆದಕಿದ. ಆಮೇಲೆ, "ಮೇಲಿನ ಏಣಲ್ಲಿ ಇನ್ನೊಂದು ಜೋಡಿ ಕೂಗಿದ್ದು ಕೇಳಿದೀನಿ. ಗೂಡು ಹುಡ್ಕಿ ಬಂದ್ ಹೇಳ್ತೀನಿ. ಆಮೇಲೆ ಬೈಯಿ" ಅಂದ. ನಾನು ಟಾರ್ಪಾಲಿನ ಬಾಗಿಲು ಇಳಿಸಿದೆ. ಹೊರಗೆ ಕೆಮ್ಮು ಕೇಳಿಸುತ್ತಿತ್ತು, ಆಮೇಲೆ ಇಲ್ಲ. ಇವತ್ತು ಸಂಜೆಯಾದರೂ ಬಂದಿಲ್ಲ. ಹೋದರೆ ಹೋಗಲಿ. ಇನ್ನೊಂದು ಜೋಡಿ ಇದ್ದರೆ ಅದನ್ನೂ ಮಾರಿಕೊಳ್ಳಲಿ.

ನಿರ್


ಲುಬುಕ್ ಸಿಕಾರಾ
20 ಜುಲೈ

ಆಜೋ,

ನಿನ್ನೆ ನಿಮ್ಮ ಪತ್ರ ಬಂತು. ಇದನ್ನು ಓದಿದ ಕೂಡಲೇ ಎದ್ದು ಅವರನ್ನು ಹುಡುಕಿ. ಪೂರ್ತಿ ಓದುವ ಮುಂಚೆಯೇ ಏಳಿ.

ಜಾಗ ಹೇಳಿದ್ದು ನಾನು.

ನೀವು ಪ್ರತಿ ದನಿಮುದ್ರಣದ ಮೊದಲು ವರದಿ ಒಪ್ಪಿಸುತ್ತೀರಿ. ನಿಮಗದು ಕೆಲಸದ ಅಭ್ಯಾಸ, ನಿಮಗೇ ಕೇಳಿಸುವುದಿಲ್ಲ. ನನಗೂ ಕೇಳಿಸಲಿಲ್ಲ. "ಮೇ ಎರಡು, ಬೆಳಿಗ್ಗೆ ಆರು ಇಪ್ಪತ್ತು, ಆನೆಬಂಡೆಯ ಮೇಲೆ, ಎರಡನೇ ಅಬ್ಬಿಯ ಎಡಕ್ಕೆ, ಸಿಡಿಲು ಹೊಡೆದ ಮರ, ಬೆಂಕಿಜುಟ್ಟು, ಜೋಡಿ." ನನಗೆ ಅದು ಮಾತಾಗಿರಲಿಲ್ಲ, ನಿಮ್ಮ ದನಿಯಾಗಿತ್ತು. ಮಗು ಮಲಗುವ ಸದ್ದಾಗಿತ್ತು. ನಾನು ಕಟ್ಟಿದ ಲಾಲಿ ಇದು:

ಆನೆಬಂಡೆ ಏರಿ ಬಾ
ಎರಡನೆ ಅಬ್ಬಿ ದಾಟಿ ಬಾ
ಎಡಕೆ ಸಿಡಿಲು ಹೊಡೆದ ಮರ
ಬೆಂಕಿಜುಟ್ಟು ಜೋಡಿ ಮನೆ, ಜೋ

ಸಿಗರೇಟು ಪೊಟ್ಟಣದ ಮೇಲೆ ಬರೆಸಿದ್ದು ಇದನ್ನೇ. ಆ ಮರ್ಯಾದಸ್ಥರ ಮನೆಯಲ್ಲಿ ಅಳುಮುಂಜಿ ಇತ್ತೋ ಇಲ್ಲವೋ ಗೊತ್ತಿಲ್ಲ. ಎರಡು ಸಲ ಹಾಡಿದೆ ಎಂದು ನಾನೇ ನಿಮಗೆ ಬರೆದಿದ್ದೆ, ಹೆಮ್ಮೆಯಿಂದ.

ನನಗೆ ಯಾವಾಗ ಗೊತ್ತಾಯಿತು ಎಂದು ಕೇಳುತ್ತೀರಿ. ಹತ್ತನೇ ತಾರೀಖು ಮಧ್ಯಾಹ್ನ, ಮೆಟ್ಟಿಲ ಮೇಲೆ. ನಿಮ್ಮ ಪತ್ರದಲ್ಲಿ 'ಆನೆಬಂಡೆಯಿಂದ ನೇರ ಎರಡನೇ ಅಬ್ಬಿಗೆ' ಎಂಬ ಸಾಲಿಗೆ ಕಣ್ಣು ಬಂದಾಗ ಬೀದಿಯಲ್ಲಿ ಮಕ್ಕಳು ಅದನ್ನೇ ಹೇಳುತ್ತಾ ಕುಂಟುತ್ತಿದ್ದವು. ಇನ್ಯಾಕ್ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಮೇಲಿನ ಮರುಕಕ್ಕೆ ಸುಳ್ಳು ಓದಿದೆ ಎಂದು ನೀವು ಅಂದುಕೊಂಡಿರಬಹುದು. ಅಲ್ಲ. ನನ್ನ ಹೆದರಿಕೆಗೆ. ಮಾರನೇ ದಿನ ಬರೆದ ಪತ್ರದಲ್ಲಾದರೂ ನಿಜ ಹೇಳಬಹುದಿತ್ತು. 'ಬೇರೆ ಯಾರಾದರೂ ಇರಬಹುದು' ಎಂದು ಬರೆದೆ. ಬ್ಯಾಟರಿ ಮುಗಿದಿರಲಿಲ್ಲ. ನಿಮಗೆ ನನ್ನ ಮೇಲೆ ಅಸಹ್ಯ ಹುಟ್ಟಿದರೆ ರಹ್ಮಿಯ ಮೇಲೂ ಹುಟ್ಟುತ್ತದೆಯೇನೋ ಎಂದು ಹೆದರಿದೆ. ನಿದ್ದೆಯಿಲ್ಲದ ತಲೆ ಎಲ್ಲಿಂದ ಎಲ್ಲಿಗೋ ಹೋಗುತ್ತದೆ.

ಅವರು ಸಿಕ್ಕ ಕೂಡಲೇ ಈ ಪತ್ರವನ್ನು ಓದಿ ಹೇಳಿ. ಒಂದಕ್ಷರ ಬಿಡದೆ.

ಎಲ್ಫಿ


ಬಿಡಾರ
23 ಜುಲೈ

ಎಲ್ಫಿ,

ನಿನ್ನ ಹನ್ನೊಂದನೇ ತಾರೀಖಿನ ಪತ್ರ ನನಗೆ ಸಿಕ್ಕಿದ್ದು ಹದಿನೆಂಟಕ್ಕೆ. ನೀನು ಅವರಿಗೆ ಓದಿ ಹೇಳಿದ್ದು ಏನೆಂದು ತಿಳಿದ ಮೇಲೆ ಹುಡುಕಲು ಹೊರಟೆ. ಬೆತ್ತದವರು ಇಬ್ಬರು ಜೊತೆಗೆ ಬಂದರು. ಇಪ್ಪತ್ತರ ಮಧ್ಯಾಹ್ನ ಇನ್ಯಾಕ್ ಸಿಕ್ಕಿದರು.

ಮೇಲಿನ ಏಣಿನಲ್ಲಿ ಒಂದು ಒಣಮರ. ಅದರ ಬುಡದಲ್ಲಿ. ಸೊಂಟಕ್ಕೆ ಕಟ್ಟಿಕೊಂಡಿದ್ದ ಬೆತ್ತದ ಹಗ್ಗ ಅರ್ಧಕ್ಕೆ ಹರಿದು ಇನ್ನರ್ಧ ಮೇಲೆ ತೂಗುತ್ತಿತ್ತು. ಐದಾರು ದಿನವಾಗಿತ್ತು. ಊರಿಗೆ ಹೊತ್ತು ತರುವ ಸ್ಥಿತಿಯಲ್ಲಿ ಇರಲಿಲ್ಲ. ಅಲ್ಲೇ ತೊಳೆದು, ನನ್ನ ಬಿಳಿ ಹೊದಿಕೆಯಲ್ಲಿ ಸುತ್ತಿ, ನಮಾಜು ಮಾಡಿ ಮಣ್ಣಿಗಿಟ್ಟೆವು. ಅವರ ಮಗಳು ರೊಸ್ನಿಗೆ ಬೆತ್ತದವರು ಹೋಗಿ ಹೇಳುತ್ತಾರೆ.

ಮಣ್ಣು ಮುಚ್ಚುವಾಗ ಮೇಲಿನಿಂದ ಕೂಗು ಶುರುವಾಯಿತು. ಹಗ್ಗ ತೂಗುತ್ತಿದ್ದ ಜಾಗದಿಂದ ಒಂದು ಮೊಳ ಮೇಲೆ ಪೊಟರೆ. ಬೆಂಕಿಜುಟ್ಟು ತಲೆ ಹೊರಗೆ ಹಾಕಿ ನಮ್ಮನ್ನು ನೋಡಿತು. ಬಿಸಿಲು ನೇರ ಬೀಳುತ್ತಿತ್ತು, ಅಡ್ಡ ಕೊಂಬೆ ಇರಲಿಲ್ಲ. ಕ್ಯಾಮೆರಾ ನನ್ನ ಕೊರಳಲ್ಲೇ ಇತ್ತು. ತೆಗೆಯಲಿಲ್ಲ. ಆ ಮರ ಎಲ್ಲಿದೆ ಎಂದು ಈ ಪತ್ರದಲ್ಲಿ ಬರೆಯುವುದಿಲ್ಲ.

ನಿನ್ನೆ ನಿನ್ನ ಇನ್ನೊಂದು ಪತ್ರ ಬಂತು. ಓದಿ ಹೇಳು ಅಂದಿದ್ದೆ. ಹೋಗಿ ಓದಿ ಹೇಳಿದೆ. ಒಂದಕ್ಷರ ಬಿಡಲಿಲ್ಲ. ಮಣ್ಣು ಇನ್ನೂ ಹಸಿಯಾಗಿತ್ತು.

ಹಾಡು ಕಟ್ಟಿದವಳು ನೀನು. ಮಾತು ನನ್ನದು. ಅದನ್ನು ಅಳಿಸದೆ ಕಳಿಸಿದವನು ನಾನು, ಬಾಯಿ ಬಿಡಬೇಡ ಎಂಬ ಚೀಟಿಯ ಜೊತೆಗೆ.

ಒಂದು ಮಾತು ತಿಳಿಯುತ್ತಿಲ್ಲ. ಅವರ ಅಂಗಿಯ ಜೇಬಿನಲ್ಲಿ, ಹೊಗೆಸೊಪ್ಪಿನ ಜೊತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನನ್ನ ಎಂಟನೇ ತಾರೀಖಿನ ಪತ್ರ ಇತ್ತು. ನಿನಗೆ ಬರೆದದ್ದು. ತೆಗೆದಿಟ್ಟುಕೊಂಡಿದ್ದೇನೆ. ಅದು ಅವರ ಹತ್ತಿರ ಹೇಗೆ ಬಂತು?

ನಾನು ಸದ್ಯಕ್ಕೆ ಮನೆಗೆ ಬರುವುದಿಲ್ಲ. ಪಾದಾಂಗಿಗೆ ಇಳಿದು ಹೋಗುತ್ತೇನೆ.

ನಿರ್


ಲುಬುಕ್ ಸಿಕಾರಾ
29 ಆಗಸ್ಟ್

ಆಜೋ,

ಈ ಪತ್ರವನ್ನು ಐದು ಸಲ ಬರೆದು ಹರಿದಿದ್ದೇನೆ. ಪಾದಾಂಗಿನ ವಿಳಾಸ ಪ್ರೊಫೆಸರರ ಕಚೇರಿಯಿಂದ ತರಿಸಿಕೊಂಡೆ.

ರಹ್ಮಿಗೆ ಎರಡು ಹಲ್ಲು ಬಂದಿವೆ. ಈಗ ಚೆನ್ನಾಗಿ ಮಲಗುತ್ತಾಳೆ. ನಾನು ಹಾಡುವುದು ಬಿಟ್ಟೆ, ಕ್ಯಾಸೆಟ್ಟಿನ ಟೇಪು ಎಳೆದು ಒಲೆಗೆ ಹಾಕಿದೆ. ಆದರೆ ಸೂರಿನಲ್ಲಿ ಶಾಮ ಇದೆ. ದಿನಾ ಸಂಜೆ ಅದು ಬೆಂಕಿಜುಟ್ಟಿನ ಕೂಗು ಕೂಗುತ್ತದೆ, ಒಂದು ತಡೆದು ಇನ್ನೊಂದು, ಕೊನೆಗೆ ಒಂದೇ ಗೆರೆ, ಇವಳು ಕಣ್ಣು ಮುಚ್ಚುತ್ತಾಳೆ. ಪಂಜರ ಒಯ್ಯಿರಿ ಎಂದು ಮಾಮಕ್ ಹತ್ತಿರ ಬೇಡಿಕೊಂಡೆ. "ಹಕ್ಕಿಗೇನ್ ಗೊತ್ತೇ? ಅದು ಕೇಳಿದ್ದು ಹೇಳ್ತು" ಅಂದರು. ನಾನೂ ಕೇಳಿದ್ದನ್ನೇ ಹೇಳಿದ್ದು.

ಜೇಬಿನ ಪತ್ರದ ವಿಷಯ ಕೇಳಿದ್ದೀರಿ. ಅವತ್ತು ಊಟವಾದ ಮೇಲೆ ಇನ್ಯಾಕ್ ಕೈ ಒರೆಸಿಕೊಂಡು, "ಆ ಹಾಳೆ ನಂಗೆ ಕೊಡ್ತೀಯಾ ಮಗಳೇ? ನನ್ ಬಗ್ಗೆ ಯಾರೂ ಯಾವತ್ತೂ ಬರ್ದಿಲ್ಲ" ಅಂದರು. ಏನು ಹೇಳಿ ಇಲ್ಲ ಎನ್ನಲಿ? ಕೊಟ್ಟೆ. ಅವರು ಅದನ್ನು ತಲೆಕೆಳಗಾಗಿ ಹಿಡಿದುಕೊಂಡು ಸ್ವಲ್ಪ ಹೊತ್ತು ನೋಡಿದರು. ಓದಲು ಬಾರದವರ ಕೈಯಲ್ಲಿ ಅದು ಬರಿ ಕಾಗದ ಎಂದುಕೊಂಡೆ. ನೀವೂ ಹಾಗೇ ಅಂದುಕೊಂಡು ಕಳಿಸಿದ್ದಲ್ಲವೇ?

ಹೋದ ಶುಕ್ರವಾರ ರೊಸ್ನಿಯ ಮನೆಗೆ ಹೋಗಿದ್ದೆ. ಇಷ್ಟು ದಿನ ಧೈರ್ಯವಾಗಿರಲಿಲ್ಲ. ರಹ್ಮಿಯನ್ನು ಮಡಿಲಲ್ಲಿಟ್ಟುಕೊಂಡು ಎಲ್ಲವನ್ನೂ ಹೇಳಿದೆ. ಲಾಲಿ, ಸಿಗರೇಟು ಪೊಟ್ಟಣ, ನಾನು ಓದಿದ ಸುಳ್ಳು. ಅದನ್ನು ನಂಬಿಯೇ ನಿನ್ನ ಅಪ್ಪ ಮತ್ತೆ ಹತ್ತಿ ಹೋದರು ಎಂದೆ. ರೊಸ್ನಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ತಲೆಯೆತ್ತದೆ ಹೇಳಿದಳು:

"ನಂಬಿ ಹೋಗ್ಲಿಲ್ಲ ಎಲ್ಫಿ. ಅವತ್ತು ಸಂಜೇನೇ ಆ ಹಾಳೆ ನನ್ ಕೈಗಿಟ್ಟ. ಓದು, ಇನ್ನೊಂದ್ಸಲ ಕೇಳ್ಬೇಕು ಅಂದ. ನಾನು ಓದಿದೆ. ಇರೋದು ಇದ್ದಂಗೆ."

ನಾನು ರಹ್ಮಿಯನ್ನು ಎದೆಗೆ ಎತ್ತಿಕೊಂಡೆ.

"ಅವನು, ಕಳ್ಳ, ಮನೆಯೊಳಗೆ ಕರೀಬೇಡ, ಎಲ್ಲಾ ಓದಿದೆ. ಅಪ್ಪ ಪೂರ್ತಿ ಕೇಳಿದ. ಆಮೇಲೆ ಹಾಳೆ ನನ್ ಕೈಯಿಂದ ಕಿತ್ಕೊಂಡು ಮಡಚಿ ಜೇಬಿಗಿಟ್ಟ. 'ನಿಂಗೆ ಓದಕ್ಕೆ ಬರಲ್ಲ ರೊಸ್ನಿ. ನೀನು ಆರನೇ ಕ್ಲಾಸು. ಎಲ್ಫಿ ಕಾಲೇಜು ಓದಿದೋಳು. ಅವಳು ಓದಿದ್ದೇ ಸರಿ' ಅಂದ. ಮಾರನೇ ದಿನ ಹಗ್ಗ ತಗೊಂಡು ಹೊರಟ."

ಆಮೇಲೆ ಅವಳು ತೊಟ್ಟು ಬಿಡಿಸಿದಳು. ನಾನೂ ಒಂದು ಹಿಡಿ ತೆಗೆದುಕೊಂಡು ಬಿಡಿಸಿದೆ. ಎದ್ದು ಬರುವಾಗ ಅವಳು ಕೇಳಿದ್ದು ಒಂದೇ: "ಆ ಹಾಳೆ ಎಲ್ಲಿದೆ? ಅಪ್ಪನದು ಅದು."

ಅದನ್ನು ಕಳಿಸಿಕೊಡಿ ಆಜೋ. ನೀವು ಮನೆಗೆ ಬನ್ನಿ, ಬರಬೇಡಿ, ಅದನ್ನು ಕೇಳುವ ಹಕ್ಕು ನನಗಿಲ್ಲ. ಆದರೆ ಕಳಿಸುವ ಮುಂಚೆ ಹಾಳೆಯನ್ನು ತಿರುಗಿಸಿ. ಹಿಂಬದಿ ಖಾಲಿ ಇದೆ. ನಾನು ಮೆಟ್ಟಿಲ ಮೇಲೆ ಓದಿದ್ದನ್ನು ಅಲ್ಲಿ ನಿಮ್ಮ ಕೈಯಾರೆ ಬರೆಯಿರಿ. 'ಅವರು' ಎಂದು ಬರೆಯಿರಿ. ಕಣ್ಣಿಲ್ಲ ಎಂಬ ಮಾತನ್ನು ಎರಡು ಸಲ ಬರೆಯಿರಿ, ಅವರು ಎರಡು ಸಲ ಕೇಳಿದ್ದರು.

ನಾನು ಒಯ್ದು ರೊಸ್ನಿಗೆ ಕೊಡುತ್ತೇನೆ. ಓದಿ ಹೇಳುವುದಿಲ್ಲ. ಅವಳಿಗೆ ಓದಲು ಬರುತ್ತದೆ.

ಎಲ್ಫಿ